ಒಂಬತ್ತನೆಯ ಕಾಲಂ

ನನ್ನ ಕೆಲಸದಲ್ಲಿ ಒಂದು ಫಾರಂ ಇದೆ. ವಿಶೇಷ ಅಗತ್ಯವಿರುವ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಅದನ್ನು ತುಂಬಬೇಕು. ಆ ಮಗು ಈ ವರ್ಷ ಏನು ಕಲಿಯಬೇಕು, ಅದಕ್ಕೆ ಶಾಲೆ ಏನೇನು ಅನುಕೂಲ ಮಾಡಿಕೊಡಬೇಕು ಎಂಬ ಯೋಜನೆ ಅದರಲ್ಲಿರುತ್ತದೆ. ಒಟ್ಟು ಹತ್ತು ಕಾಲಂ. ಎಂಟರವರೆಗೆ ವೈದ್ಯರ ವರದಿ, ಓಡಾಟ, ಕಲಿಕೆ, ಸಲಕರಣೆ. ಒಂಬತ್ತನೆಯದು ‘ಮಗುವಿನ ಅಭಿಪ್ರಾಯ’. ಹತ್ತನೆಯದು ‘ಪೋಷಕರ ಅಭಿಪ್ರಾಯ’. ನಾನು ಹರಿಹರ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಸಂಪನ್ಮೂಲ ಶಿಕ್ಷಕಿ. ವಾರವೆಲ್ಲ ಸ್ಕೂಟಿಯ ಮೇಲೆ ಕಳೆದುಹೋಗುವುದರಿಂದ ಈ ಫಾರಂಗಳನ್ನು ಭಾನುವಾರ ಬೆಳಿಗ್ಗೆ ದಾವಣಗೆರೆ ಸರಸ್ವತಿ ನಗರದ ನಮ್ಮ ಮನೆಯಲ್ಲಿ, ಊಟದ ಟೇಬಲ್ಲಿನ ಮೇಲೆ ಹರಡಿಕೊಂಡು ತುಂಬುತ್ತಿದ್ದೆ.

ಒಂಬತ್ತನೆಯ ಕಾಲಮಿಗೆ ನನ್ನ ಹತ್ತಿರ ಒಂದು ಸಿದ್ಧ ವಾಕ್ಯವಿತ್ತು. ‘ಮಗು ಸಂತೋಷವಾಗಿದ್ದು ಕಲಿಕೆಯಲ್ಲಿ ಆಸಕ್ತಿ ತೋರುತ್ತದೆ.’ ನೋಡದೆಯೇ ಬರೆಯುವಷ್ಟು ಅದು ಕೈಗೆ ರೂಢಿಯಾಗಿತ್ತು. ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಯಜಮಾನರು ಒಂದು ಭಾನುವಾರ ಕತ್ತು ಉದ್ದ ಮಾಡಿ ನೋಡಿದರು.

“ಎಲ್ಲಾ ಮಕ್ಕಳದ್ದೂ ಒಂದೇ ಅಭಿಪ್ರಾಯ ಐತಲ್ಲೇ. ಭಾರಿ ಒಗ್ಗಟ್ಟು ಬಿಡು.”

“ನೀವು ಬೆಳ್ಳುಳ್ಳಿ ಸುಲೀರಿ,” ಎಂದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ನಾನು ಅಡಗಿಸಿಟ್ಟವಳೂ ಅಲ್ಲ. ಈ ಕೆಲಸಕ್ಕೆ ಸ್ವಲ್ಪ ಸಿಟ್ಟು ಬೇಕು, ಇಲ್ಲದಿದ್ದರೆ ಕಚೇರಿಗಳಲ್ಲಿ ಕಡತ ಒಂದಿಂಚೂ ಅಲುಗುವುದಿಲ್ಲ ಎಂದು ನಂಬಿದ್ದೆ, ಈಗಲೂ ನಂಬಿದ್ದೇನೆ. ಆದರೆ ಆ ಸಿಟ್ಟಿನ ಭರದಲ್ಲಿ ನಾನೇ ಒಂದು ದೊಡ್ಡ ಎಡವಟ್ಟು ಮಾಡಿ, ಐದು ವರ್ಷ ಶಾಲೆಗಾಗಿ ಕಾದಿದ್ದ ಒಂದು ಹುಡುಗಿ ಶಾಲೆಗೇ ಬರದಂತೆ ಮಾಡಿದ್ದೆ. ಒಂಬತ್ತನೆಯ ಕಾಲಮನ್ನು ನನ್ನ ಕೈಯಿಂದ ಕಿತ್ತುಕೊಂಡವಳೂ ಅವಳೇ.

ಮೊದಲ ಸಲ ಅವಳ ಮನೆಗೆ ಹೋದಾಗ ಅವಳಿಗೆ ಆರು ವರ್ಷ. ಹರಿಹರದ ಹಳೆಯ ಭಾಗದ ಒಂದು ಓಣಿ. ಮುಂದೆ ಅವಳ ಅಪ್ಪನ ಗಾದಿ ಅಂಗಡಿ, ಹಿಂದೆ ಮನೆ. ಹತ್ತಿ ಹಿಂಜುವ ಮಷೀನು ಗುರ್ರೆನ್ನುತ್ತಿತ್ತು. ಗಾಳಿಯಲ್ಲಿ ಅರಳೆ, ಅಪ್ಪನ ಗಡ್ಡದಲ್ಲಿ ಅರಳೆ, ನನಗೆ ಕೊಟ್ಟ ಚಹಾದಲ್ಲೂ ಒಂದೆಳೆ ಅರಳೆ. ಹುಡುಗಿಯನ್ನು ಹಿಂಜಿದ ಅರಳೆಯ ರಾಶಿಗೆ ಒರಗಿಸಿ ಕೂರಿಸಿದ್ದರು. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಎರಡು ಕಾಲೂ ಬಿಗಿದುಕೊಂಡಿದ್ದವು. ಮಾತು ನಿಧಾನ. ಆದರೆ ಕೈ ಗಟ್ಟಿಯಿತ್ತು, ಕಣ್ಣು ಚುರುಕಾಗಿತ್ತು. ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಇವಳು ಎಷ್ಟು ದಿನ ಬರುತ್ತಾಳೋ ನೋಡೋಣ ಎಂಬಂತೆ ಮುಖ ತಿರುಗಿಸಿದಳು.

ಅವಳ ಹೆಸರು ಅದೇ ಓಣಿಯ ಕೊನೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿತ್ತು, ಅವಳು ಮಾತ್ರ ಮನೆಯಲ್ಲಿದ್ದಳು. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಪಾಠ ಹೇಳುವ ವ್ಯವಸ್ಥೆ ಇದೆ. ಹಾಗೆ ವಾರಕ್ಕೆರಡು ದಿನ ನಾನು ಹೋಗತೊಡಗಿದೆ. ಅವಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ನೋಡಿಕೊಳ್ಳುತ್ತಿದ್ದವರು ಅಪ್ಪ ಮತ್ತು ಅಪ್ಪನ ತಾಯಿ, ಅವಳ ದಾದಿ.

“ಬೇಟಿ, ಈ ಕೂಸು ಓದಿ ಏನ್ ಮಾಡ್ಬೇಕೈತೆ?” ಎಂದು ದಾದಿ ಮೊದಲ ದಿನವೇ ಕೇಳಿದ್ದರು. “ನಮ್ಮ ಕಣ್ಮುಂದೆ ಆರಾಮ್ ಇದ್ರೆ ಸಾಕು. ಶಾಲೆಗೆ ಹೋಗಿ ನಾಕು ಮಂದಿ ನೋಡಿ ನಗೋದು ಯಾಕ?”

ನಾನು ಅವರಿಗೆ ಶಿಕ್ಷಣದ ಹಕ್ಕಿನ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ಅವರು ಕೊನೆಯವರೆಗೂ ಕೇಳಿ, “ಚಹಾ ಆರೋಯ್ತು ನೋಡು,” ಎಂದರು.

ಅಪ್ಪನದು ಬೇರೆ ರೀತಿ. ಆಸ್ಪತ್ರೆಯವರು ಕೊಟ್ಟ ವ್ಯಾಯಾಮದ ಚಿತ್ರಗಳಲ್ಲಿ ಮಗುವನ್ನು ಒಂದು ಉದ್ದನೆಯ ಲೋಡಿನ ಮೇಲೆ ಬೋರಲು ಮಲಗಿಸಿದ್ದರು. ಅವರು ಆ ಚಿತ್ರವನ್ನು ಹಿಡಿದು ಎರಡು ನಿಮಿಷ ನೋಡಿದರು. ಮುಂದಿನ ಸಲ ಹೋದಾಗ ಮೂರು ಅಳತೆಯ ಮೂರು ಲೋಡು ಹೊಲಿದಿಟ್ಟಿದ್ದರು.

“ಯಾವ್ದು ಸರಿ ಹೊಂದ್ತೈತೋ ಇಟ್ಕೊಳ್ರಿ ಮೇಡಂ. ಉಳಿದವು ಅಂಗಡಿಗೆ ಇಡ್ತೀನಿ.”

ಅದೇ ಅಳತೆಯ ಇನ್ನೊಂದು ಲೋಡು ಆಮೇಲೆ ಕಡರನಾಯಕನಹಳ್ಳಿಯ ಇಂಥದೇ ಒಂದು ಮಗುವಿನ ಮನೆಯವರೆಗೂ ನನ್ನ ಸ್ಕೂಟಿಯ ಮೇಲೆ ಹೋಯಿತು.

ಈಗ ಆ ಶಾಲೆಯ ಗಂಟೆಯ ವಿಷಯ ಹೇಳಬೇಕು. ಅದು ಗಂಟೆಯಲ್ಲ, ರೈಲು ಹಳಿಯ ಒಂದು ತುಂಡು. ಹರಿಹರ ರೈಲಿನ ಊರು, ಯಾರೋ ಎಂದೋ ತಂದು ಮಹಡಿಯ ಪಡಸಾಲೆಯ ತೊಲೆಗೆ ಸರಪಳಿಯಲ್ಲಿ ತೂಗುಹಾಕಿದ್ದರು. ಶಾಲೆಗೆ ಮಹಡಿಯ ಮೇಲೆ ಇರುವುದು ಒಂದೇ ಕೋಣೆ, ಅದು ಏಳನೇ ತರಗತಿಯದು. ಆ ಕೋಣೆಯಲ್ಲಿ ಕೂರುವವರು ಗಂಟೆ ಹೊಡೆಯಬೇಕು. ದಿನಕ್ಕೊಬ್ಬರಂತೆ ಪಾಳಿ. ಯಾರೂ ಆದೇಶ ಹೊರಡಿಸಿದ್ದಲ್ಲ, ಹಾಗೇ ನಡೆದುಬಂದಿತ್ತು. ಎತ್ತರದಿಂದ ಹೊಡೆಯುವುದರಿಂದ ಅದರ ಸದ್ದು ಇಡೀ ಓಣಿಗೆ ಕೇಳುತ್ತಿತ್ತು. ಓಣಿಯ ಹೆಂಗಸರು ಹಾಲು ಕಾಯಿಸುವುದಕ್ಕೂ ಅದೇ ಲೆಕ್ಕ.

ಮನೆಯಲ್ಲಿ ಅರಳೆಯ ರಾಶಿಗೆ ಒರಗಿದ ಆ ಹುಡುಗಿಗೆ ಶಾಲೆ ಅಂದರೆ ಆ ಸದ್ದು. ಮೊದಲ ಗಂಟೆ, ಪ್ರಾರ್ಥನೆಯ ಗಂಟೆ, ಊಟದ ಗಂಟೆ, ಕೊನೆಯ ಉದ್ದನೆಯ ಗಂಟೆ, ಎಲ್ಲ ಅವಳಿಗೆ ಬಾಯಿಪಾಠ. ನನ್ನ ಪಾಠದ ನಡುವೆ ಗಂಟೆ ಕೇಳಿದರೆ ಪೆನ್ಸಿಲ್ ಕೆಳಗಿಡುವಳು. “ಮಿಸ್, ಆತು.” ಹೊಡೆತ ಕೇಳಿ ಹೊಡೆದವರ ಗುಣ ಹೇಳುವಳು. “ಇವತ್ತು ಹೊಸಬರು. ಕೈ ನಡುಗ್ತೈತೆ.” ಇನ್ನೊಂದು ದಿನ, “ಇವ್ರಿಗೆ ಹಸಿವಾಗೈತೆ, ಗಡಿಬಿಡಿ ಹೊಡೆದ್ರು.” ಆಮೇಲಾಮೇಲೆ ದಾದಿಯೂ ಈ ಆಟಕ್ಕೆ ಸೇರಿಕೊಂಡರು. ಅಕ್ಕಿ ಆರಿಸುತ್ತ ಕೂತವರು ಗಂಟೆ ಕೇಳಿದೊಡನೆ ಮೊಮ್ಮಗಳ ಮುಖ ನೋಡಿ, “ಹೊಸಬ?” ಎಂದು ಕೇಳುವರು. ಅವಳು ತೀರ್ಪು ಕೊಡುವಳು.

ಪ್ರತಿ ಜೂನ್‌ನಲ್ಲಿ ಅವಳದು ಒಂದೇ ಪ್ರಶ್ನೆ. “ಮಿಸ್, ಏಳನೇ ಕ್ಲಾಸಿಗೆ ಇನ್ನ ಎಷ್ಟು ವರ್ಷ?” ಓದಿನ ಮೇಲೆ ಎಷ್ಟು ಆಸೆ ಈ ಮಗುವಿಗೆ ಎಂದು ನಾನು ಉಬ್ಬಿಹೋಗುತ್ತಿದ್ದೆ. ಭಾನುವಾರ ಒಂಬತ್ತನೆಯ ಕಾಲಮಿನಲ್ಲಿ ನನ್ನ ಸಿದ್ಧ ವಾಕ್ಯ ಬರೆದು, ‘ಅಪಾರ’ ಎಂಬ ಪದವನ್ನು ಅವಳಿಗಾಗಿ ವಿಶೇಷವಾಗಿ ಸೇರಿಸುತ್ತಿದ್ದೆ.

ಐದು ವರ್ಷ ಹೀಗೆ ಕಳೆಯಿತು. ಆರನೇ ತರಗತಿಗೆ ಅವಳನ್ನು ಶಾಲೆಗೇ ಕರೆತರಬೇಕೆಂದು ಹಟ ಹಿಡಿದೆ. ಗಾಲಿಕುರ್ಚಿ ಬಂದಿತ್ತು, ಬರೆಯುವ ವೇಗ ಬಂದಿತ್ತು. ಆರನೇ ತರಗತಿ ನೆಲಮಹಡಿಯಲ್ಲಿತ್ತು, ಬಾಗಿಲಿಗೆ ಒಂದು ರ‍್ಯಾಂಪೂ ಇತ್ತು. ಆದರೆ ರ‍್ಯಾಂಪಿನ ಮೇಲೆ ಹೆಡ್‌ಮಾಸ್ಟರ ಬೈಕಿತ್ತು, ಬೈಕಿನ ಪಕ್ಕದಲ್ಲಿ ಬಿಸಿಯೂಟದ ಮೆಣಸಿನಕಾಯಿ ಒಣಗುತ್ತಿತ್ತು.

ಹೆಡ್‌ಮಾಸ್ಟರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಾದ, ಮಕ್ಕಳ ಅಂಗಿಯ ಗುಂಡಿಯನ್ನು ತಾವೇ ಹಾಕುವಂಥ ಮನುಷ್ಯ. ಹೊಸದು ಯಾವುದನ್ನು ಹೇಳಿದರೂ ಮೊದಲು ತಲೆ ಕೆರೆದುಕೊಳ್ಳುವುದು ಮಾತ್ರ ಅವರ ಅಭ್ಯಾಸ.

“ಮೇಡಂ, ಬೈಕು ಮಳೇಲಿ ನೆನೀತೈತ್ರಿ.”

“ನೆನೀಲಿ ಬಿಡ್ರಿ ಸರ್. ಹುಡುಗಿ ಹೆಸರು ಹಾಜರಿ ಪುಸ್ತಕದಾಗೆ ಐತೆ. ನಿಮ್ಮ ಬೈಕಿಂದು ಐತೇನ್ರಿ?”

ಆಗ ನಾನು ಸ್ಕೂಟಿಯ ಡಿಕ್ಕಿಯಿಂದ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪುಸ್ತಕ ತೆಗೆದೆ. ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಎಳೆದು ಅದು ಗುರುತು ಸಿಗದಂತಾಗಿತ್ತು. ತಾಲ್ಲೂಕಿನ ಮಾಸ್ತರರೆಲ್ಲ ಅದನ್ನು ‘ಮೇಡಮ್ಮಾರ ಲಾಠಿ’ ಎನ್ನುತ್ತಿದ್ದರು. ಲಾಠಿ ಹೊರಬಂದದ್ದು ನೋಡಿ ಹೆಡ್‌ಮಾಸ್ಟರು ಬೈಕಿನ ಕೀ ಹುಡುಕತೊಡಗಿದರು. ಮರುದಿನ ಬೈಕು ಬೇವಿನ ಮರದ ಕೆಳಗೆ ನಿಂತಿತು.

ಆರನೇ ತರಗತಿಯ ವರ್ಷ ಚೆನ್ನಾಗಿ ಕಳೆಯಿತು. ಸಾಲಿನಲ್ಲಿ ಕೂತು ಊಟ, ಪಕ್ಕದವಳ ಜೊತೆ ಜಗಳ, ಗಣಿತದಲ್ಲಿ ನಕಲು ಮಾಡಿಸಿ ಸಿಕ್ಕಿಬಿದ್ದದ್ದು, ಎಲ್ಲ ಆಯಿತು. ನಕಲು ಮಾಡಿಸಿದ್ದಕ್ಕೆ ಅವಳಿಗೂ ಎಲ್ಲರ ಹಾಗೆ ಶಿಕ್ಷೆಯಾದಾಗ ಅಂಗಡಿಗೆ ಬಂದು ಅಪ್ಪನಿಗೆ ಹೆಮ್ಮೆಯಿಂದ ಹೇಳಿದಳಂತೆ. ಮುಂದಿನ ವರ್ಷ ಏಳನೇ ತರಗತಿ. ಮಹಡಿ, ಹತ್ತೊಂಬತ್ತು ಮೆಟ್ಟಿಲು. ನನಗೆ ಫೆಬ್ರವರಿಯಿಂದಲೇ ಅದೇ ಚಿಂತೆ. ಮಗುವನ್ನು ಮೇಲಕ್ಕೆ ಹೊತ್ತೊಯ್ಯುವುದು ತಪ್ಪು, ತರಗತಿಯೇ ಮಗುವಿನ ಹತ್ತಿರ ಬರಬೇಕು. ನನಗೆ ತರಬೇತಿಯಲ್ಲಿ ಕಲಿಸಿದ್ದು ಇದು, ನಾನು ನೂರು ಸಲ ಬೇರೆಯವರಿಗೆ ಕಲಿಸಿದ್ದೂ ಇದೇ. ಮತ್ತೆ ಲಾಠಿ ಹೊರಬಂತು.

“ಏಳನೇ ಕ್ಲಾಸು ಯಾವಾಗ್ಲೂ ಮೇಲೇ ಇರೋದು ಮೇಡಂ. ಮೊದ್ಲಿಂದ ಹಂಗೇ ಐತೆ,” ಎಂದರು ಹೆಡ್‌ಮಾಸ್ಟರು.

“ಮೊದ್ಲಿಂದ ಇವಳು ಇರಲಿಲ್ಲ ಸರ್. ಈಗ ಅದಾಳೆ.”

ಮೂರು ಪತ್ರ, ಎರಡು ಸಭೆ, ಒಂದು ಸಣ್ಣ ಜಗಳ. ಕೊನೆಗೆ ಒಪ್ಪಿದರು. ಏಳನೇ ತರಗತಿ ಕೆಳಗೆ ಬಂತು, ಆರನೇ ತರಗತಿ ಮೇಲೆ ಹೋಯಿತು. ಬೆಂಚು, ಕಪ್ಪುಹಲಗೆ ಎಲ್ಲ ಅದಲುಬದಲಾಯಿತು. ದಾವಣಗೆರೆಯ ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಫೋಟೊ ಕೇಳಿದರು. ಆ ದಿನ ಸಂಜೆ ಮನೆಗೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಶಾಲೆ ಶುರುವಾಗಿ ಹತ್ತು ದಿನವಾಗಿತ್ತು. ಹೆಡ್‌ಮಾಸ್ಟರ ಫೋನು ಬಂತು.

“ಮೇಡಂ, ನಿಮ್ಮ ಹುಡುಗಿ ಮೊದಲ ಎರಡು ದಿನ ಬಂದ್ಲು ನೋಡ್ರಿ. ಆಮೇಲೆ ಪತ್ತೆ ಇಲ್ಲ. ಕರೆಯಕ್ಕೆ ಹೋದ್ರೆ ಬರಲ್ಲ ಅಂತಾಳಂತೆ. ಹಿಂಗೇ ಆದ್ರೆ ಮತ್ತೆ ಮನೆ ಪಾಠದ ಪಟ್ಟಿಗೇ ಹಾಕ್ಬೇಕಾಗ್ತೈತೆ.”

ಮನೆ ಪಾಠದ ಪಟ್ಟಿಗೆ ವಾಪಸ್ ಹೋದ ಮಕ್ಕಳನ್ನು ನಾನು ನೋಡಿದ್ದೇನೆ. ಒಮ್ಮೆ ಮನೆಗೆ ಮರಳಿದರೆ ಮತ್ತೆ ಹೊರಗೆ ತರುವುದು ಬಹಳ ಕಷ್ಟ. ಮೊದಲು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ, ಆಮೇಲೆ ಶಾಲೆಯವರು, ಕೊನೆಗೆ ಮಗು. ಸ್ಕೂಟಿ ಹತ್ತಿ ಹೊರಟೆ. ದಾರಿಯುದ್ದಕ್ಕೂ ಯಾರಿಗೆ ಬಯ್ಯಬೇಕು ಎಂದು ಯೋಚಿಸಿದೆ. ಯಾರೋ ಮಕ್ಕಳು ಹಂಗಿಸಿರಬೇಕು, ಇಲ್ಲವೇ ದಾದಿ ಬೇಡವೆಂದಿರಬೇಕು.

ಅಂಗಡಿಯಲ್ಲಿ ಅಪ್ಪ ಮಷೀನು ನಿಲ್ಲಿಸಿದರು. “ಏನ್ ಕೇಳಿದ್ರೂ ಬಾಯಿ ಬಿಡ್ತಿಲ್ರಿ ಮೇಡಂ. ನೀವೇ ಕೇಳ್ರಿ.”

ಹುಡುಗಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಕೇಳಬೇಕಿತ್ತು. ಕೇಳಲಿಲ್ಲ. ಪಕ್ಕದಲ್ಲಿ ಕೂತು, ಇಷ್ಟು ವರ್ಷ ಎಲ್ಲರೂ ಅವಳಿಗಾಗಿ ಎಷ್ಟು ಕಷ್ಟಪಟ್ಟರು, ಕಾಯ್ದೆ ಏನು ಹೇಳುತ್ತದೆ, ಇಡೀ ತರಗತಿಯನ್ನು ಕೆಳಗೆ ತರುವುದು ಎಂಥ ದೊಡ್ಡ ಮಾತು ಎಂದು ಶುರು ಮಾಡಿದೆ. ನಡುವೆ ಲಾಠಿಯನ್ನೂ ತೆರೆದೆ. ಅವಳು ಮೆಲ್ಲಗೆ ನನ್ನ ಕಡೆ ತಿರುಗಿ, ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದಳು.

“ಮಿಸ್, ಅದರಾಗೆ ನನ್ನ ಕೇಳ್ಬೇಕು ಅಂತ ಎಲ್ಲೂ ಬರ್ದಿಲ್ವಾ?”

ಬರೆದಿದೆ. ತಮಗೆ ಸಂಬಂಧಪಟ್ಟ ಎಲ್ಲ ವಿಷಯಗಳಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ ಎಂದು ಸ್ಪಷ್ಟವಾಗಿ ಬರೆದಿದೆ. ಪುಟ ತಿರುವಿ ಹುಡುಕಿದೆ. ಆ ಪುಸ್ತಕದಲ್ಲಿ ನಾನು ಕೆಂಪು ಗೆರೆ ಎಳೆಯದ ಸಾಲು ಕಡಿಮೆ, ಅದು ಅವುಗಳಲ್ಲಿ ಒಂದು. ಅದನ್ನು ಅವಳಿಗೆ ಓದಿ ಹೇಳುವಾಗ ನನ್ನ ದನಿ ಇಳಿದಿತ್ತು.

“ಹಂಗಾದ್ರೆ ಕೇಳ್ರಿ,” ಎಂದಳು.

“ಯಾಕ ಶಾಲೆಗೆ ಬರ್ತಿಲ್ಲ?”

ಅವಳ ಮಾತು ನಿಧಾನ ಎಂದೆನಲ್ಲ. ಆ ದಿನ ಇನ್ನೂ ನಿಧಾನವಾಗಿತ್ತು. ಏಳನೇ ತರಗತಿ ಕೆಳಗೆ ಬಂದಾಗ ಕೋಣೆಯ ಜೊತೆ ಗಂಟೆಯೂ ಆರನೇ ತರಗತಿಯವರ ಪಾಲಾಗಿತ್ತು. ಗಂಟೆ ಹೊಡೆಯುವುದು ಮಹಡಿ ಕೋಣೆಯವರಲ್ಲವೇ. ಆರು ವರ್ಷ ಕಾದ ಗೆಳತಿಯರು ಮೊದಲ ದಿನ ಸುಮ್ಮನಿದ್ದರು. ಎರಡನೇ ದಿನ ಒಬ್ಬಳು ಹೇಳಿದಳು, “ನಿನ್ನಿಂದ ನಮ್ಮ ಗಂಟೆ ಹೋಯ್ತು.” ಜಗಳವಾಡಲಿಲ್ಲ, ಬಯ್ಯಲಿಲ್ಲ, ಹೇಳಿದ್ದಷ್ಟೆ. ಊಟದ ಸಾಲಿನಲ್ಲಿ ಪಕ್ಕದ ಜಾಗ ಖಾಲಿ ಉಳಿಯಿತು.

“ಅವ್ರು ಹೇಳಿದ್ದು ಖರೇ ಮಿಸ್,” ಎಂದಳು. “ಮತ್ತೆ ನಾನೂ ಅದಕ್ಕೇ ಕಾಯ್ತಿದ್ದೆ. ಒಂದನೇ ಕ್ಲಾಸಿಂದ.”

ಪ್ರತಿ ಜೂನ್‌ನಲ್ಲಿ ಅವಳು ಕೇಳುತ್ತಿದ್ದ ಪ್ರಶ್ನೆ ಆಗ ನನಗೆ ಅರ್ಥವಾಯಿತು. ನಾಚಿಕೆಯಾಯಿತು, ಅಳುವೂ ಬಂತು. ಅಷ್ಟರಲ್ಲೇ ನನ್ನ ಬಾಯಿ ಮತ್ತೆ ಓಡತೊಡಗಿತ್ತು. “ಅಷ್ಟೇ ತಾನೇ? ಗಂಟೇನೂ ಕೆಳಗೆ ತರಿಸಿಬಿಡ್ತೀನಿ, ನಾಳೇನೇ...” ಅರ್ಧಕ್ಕೆ ನಿಲ್ಲಿಸಿದೆ. ಅವಳು ಹುಬ್ಬೇರಿಸಿ ನೋಡುತ್ತಿದ್ದಳು.

“ತರಿಸ್ಲಾ?” ಎಂದು ಕೇಳಿದೆ.

“ಬ್ಯಾಡ. ಕೆಳಗೆ ಹೊಡೆದ್ರೆ ಓಣಿಗೆ ಕೇಳಲ್ಲ. ದಾದಿಗೆ ಕೇಳಲ್ಲ.”

ನಾನು ಚೀಲದಿಂದ ಅವಳ ಹಳೆಯ ಫಾರಂಗಳನ್ನು ತೆಗೆದು ಒಂಬತ್ತನೆಯ ಕಾಲಮನ್ನು ಓದಿ ಹೇಳಿದೆ. ಒಂದನೇ ತರಗತಿ, ಮಗು ಸಂತೋಷವಾಗಿದ್ದು. ಎರಡನೇ ತರಗತಿ, ಮಗು ಸಂತೋಷವಾಗಿದ್ದು. ಮೂರಕ್ಕೆ ಬರುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಮೂರನೇ ಕ್ಲಾಸಿನಾಗೆ ನನಗೆ ಕಾಮಾಲೆ ಆಗಿತ್ತು ಮಿಸ್. ಇದು ಯಾರು ಹೇಳಿದ್ರು ನಿಮಗೆ?”

ಈ ವರ್ಷದ ಫಾರಮ್ಮನ್ನೂ ಪೆನ್ನನ್ನೂ ಅವಳ ಕೈಗೆ ಕೊಟ್ಟೆ. ಕಾಲಂ ನೋಡಿದಳು, ಜಾಗ ಸಾಲದು ಎಂದಳು. ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿಸಿಕೊಂಡಳು. “ಈಗ ಹೋಗ್ರಿ. ನಾಳೆ ಬರ್ರಿ. ಯೋಚನೆ ಮಾಡ್ಬೇಕು,” ಎಂದಳು. ಅಷ್ಟು ವರ್ಷದ ನೌಕರಿಯಲ್ಲಿ ಒಂದು ಮಗು ನನ್ನನ್ನು ಎದ್ದು ಹೋಗು ಎಂದದ್ದು ಅದೇ ಮೊದಲು, ನಾನು ಚೀಲ ಎತ್ತಿಕೊಂಡು ಎದ್ದೆ.

ಮರುದಿನ ಕೊಟ್ಟ ಹಾಳೆಯನ್ನು ನೇರವಾಗಿ ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟೆ. ಓರೆ ಅಕ್ಷರದಲ್ಲಿ ಅವಳು ಬರೆದದ್ದು ಇಷ್ಟು:

‘ಗಂಟೆ ಏಳನೇ ಕ್ಲಾಸಿಗೆ ವಾಪಸ್ ಕೊಡಬೇಕು. ಕ್ಲಾಸು ಕೆಳಗೇ ಇರಲಿ, ಕೆಳಗೆ ಶೌಚಾಲಯ ಹತ್ತಿರ ಇದೆ. ನನ್ನ ಪಾಳಿ ಬಂದಾಗ ನಾನೇ ಮೇಲೆ ಹೋಗುತ್ತೇನೆ. ಯಾರೂ ಎತ್ತಬಾರದು. ಯಾರೂ ನೋಡಬಾರದು. ಮೆಟ್ಟಿಲು ಗುಡಿಸಿರಬೇಕು. ಗಂಟೆಯ ಸರಪಳಿ ಒಂದು ಮೊಳ ಉದ್ದ ಮಾಡಬೇಕು, ಕೂತರೆ ಸಿಗುವ ಹಾಗೆ. ತಡ ಆದರೆ ಬಯ್ಯಬಾರದು.’

ಹೆಡ್‌ಮಾಸ್ಟರು ಎರಡು ಸಲ ಓದಿದರು. “ಇದು ನೀವು ಬರ್ಸಿದ್ದಲ್ಲ ಬಿಡ್ರಿ.”

“ಹೆಂಗೆ ಗೊತ್ತಾಯ್ತು ಸರ್?”

“ನೀವು ಬರ್ಸಿದ್ರೆ ನಾಕು ಪುಟ ಆಗ್ತಿತ್ತು.” ನಕ್ಕರು. ಆಮೇಲೆ ತಲೆ ಕೆರೆದುಕೊಂಡರು. “ಹತ್ತೊಂಬತ್ತು ಮೆಟ್ಟಿಲು ಮೇಡಂ. ಬಿದ್ರೆ?”

ಅದು ನನ್ನ ಪ್ರಶ್ನೆಯೂ ಆಗಿತ್ತು. ಅಪ್ಪನನ್ನು ಕರೆಸಿದೆವು. ಅವರು ಬಾಗಿಲಲ್ಲೇ ನಿಂತು ಗಡ್ಡದ ಅರಳೆ ತೆಗೆಯುತ್ತ, ಸ್ವಲ್ಪ ಸಂಕೋಚದಿಂದ ಹೇಳಿದರು. “ಮೆಟ್ಟಿಲು ಅವಳಿಗೆ ಹೊಸದಲ್ರಿ. ಅರಳೆ ಒಣಹಾಕಕ್ಕೆ ನಾನು ಮಾಳಿಗೆಗೆ ಹೋದ್ರೆ ನನ್ನ ಹಿಂದೆ ಬರ್ತಾಳೆ. ಮೆಟ್ಟಿಲಿಗೆ ಬೆನ್ನು ಮಾಡಿ ಕೂತ್ಕೊಂಡು, ಕೈ ಊರಿ, ಒಂದೊಂದೇ. ಭಾಳ ವರ್ಷದಿಂದ. ನಮ್ಮ ಅಮ್ಮಗೆ ಗೊತ್ತಿಲ್ಲ, ಹೇಳಬ್ಯಾಡ್ರಿ.”

ಫಾರಮ್ಮಿನ ‘ಓಡಾಟ’ದ ಕಾಲಮಿನಲ್ಲಿ ನಾನು ಪ್ರತಿ ವರ್ಷ ಬರೆದದ್ದು ‘ಮೆಟ್ಟಿಲು ಹತ್ತಲಾರದು’ ಎಂದು. ಹೆಡ್‌ಮಾಸ್ಟರ ಕಡೆ ನೋಡಲಿಲ್ಲ, ಅವರು ನನ್ನ ಕಡೆ ನೋಡುತ್ತಿದ್ದಾರೆಂದು ಗೊತ್ತಿತ್ತು.

ಆಮೇಲೆ ಕೆಲಸ ಬೇಗ ಬೇಗ ನಡೆಯಿತು. ಮೆಟ್ಟಿಲಿನ ಒಂದು ಕಡೆ ಕಂಬಿ ಇತ್ತು. ಗೋಡೆಯ ಕಡೆಗೂ, ಕೂತವರ ಕೈಗೆ ಎಟಕುವಂತೆ, ಹೆಡ್‌ಮಾಸ್ಟರು ಒಂದು ಪೈಪು ಹಾಕಿಸಿದರು. ಎರಡೇ ವಾರದಲ್ಲಿ. ಸರ್ಕಾರಿ ಶಾಲೆಯಲ್ಲಿ ಎರಡು ವಾರಕ್ಕೆ ಪೈಪು ಕೂತದ್ದನ್ನು ನಾನು ಇನ್ನೂ ಎಲ್ಲ ಕಡೆ ಹೇಳಿಕೊಂಡು ತಿರುಗುತ್ತೇನೆ. ಸರಪಳಿ ಒಂದು ಮೊಳ ಉದ್ದವಾಯಿತು. ಆರನೇ ತರಗತಿಯವರು ಗಂಟೆಯ ಕಬ್ಬಿಣದ ಸಲಾಕೆಯನ್ನು ಮುಖ ಊದಿಸಿಕೊಂಡು ವಾಪಸ್ ಕೊಟ್ಟರು. ಮುಂದಿನ ವರ್ಷ ನಿಮ್ಮದೇ ಎಂದು ಅವರನ್ನು ಸಮಾಧಾನ ಮಾಡಬೇಕಾಯಿತು. ಅಪ್ಪ ಒಂದು ಪುಟ್ಟ ಗಾದಿ ಹೊಲಿದರು. ನಡುವಿಗೆ ಕಟ್ಟಿಕೊಂಡರೆ ಕೂರುವಲ್ಲಿ ಮೆತ್ತಗಿರುವಂಥದ್ದು, ಎರಡು ಕಡೆ ಲಾಡಿ, ಮೇಲೆ ಸಮವಸ್ತ್ರದ ಬಟ್ಟೆಯದೇ ಹೊದಿಕೆ. ಹುಡುಗಿ ಅಷ್ಟರಲ್ಲಿ ಶಾಲೆಗೆ ಬರತೊಡಗಿದ್ದಳು. ಗಂಟೆ ವಾಪಸ್ ಬಂದ ದಿನವೇ ಊಟದ ಸಾಲಿನಲ್ಲಿ ಅವಳ ಪಕ್ಕದ ಜಾಗಕ್ಕೆ ಇಬ್ಬರು ಜಗಳವಾಡಿದರಂತೆ.

ಅವಳ ಪಾಳಿ ಒಂದು ಗುರುವಾರ ಬಂತು. ನಾನು ಬೇರೆ ಹಳ್ಳಿಗೆ ಹೋಗಬೇಕಿತ್ತು, ಹೋಗಲಿಲ್ಲ. ಬೆಳಿಗ್ಗೆ ಶಾಲೆಗೆ ಬಂದಾಗ ಮೆಟ್ಟಿಲು ಗುಡಿಸಿ ಒರೆಸಿಯೂ ಇತ್ತು. ಅಂಗಳದ ತುಂಬ ಮಕ್ಕಳು. ಯಾರೂ ನೋಡಬಾರದು ಎಂಬ ಷರತ್ತು ಎಲ್ಲರಿಗೂ ತಿಳಿಸಿದ್ದರಿಂದ, ಇಡೀ ಶಾಲೆ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತು ಬೇವಿನ ಮರವನ್ನು ನೋಡುತ್ತಿತ್ತು. ಆ ಮರವನ್ನು ಅಷ್ಟು ಶ್ರದ್ಧೆಯಿಂದ ಯಾರೂ ಯಾವತ್ತೂ ನೋಡಿರಲಿಕ್ಕಿಲ್ಲ.

ಗಾಲಿಕುರ್ಚಿಯಿಂದ ಜಾರಿ ಮೊದಲ ಮೆಟ್ಟಿಲ ಮೇಲೆ ಕೂತಳು. ಎರಡು ಕೈ ಹಿಂದಕ್ಕೆ, ಒಂದು ಜಗ್ಗು, ಎರಡನೇ ಮೆಟ್ಟಿಲು. ನಾನು ಕಳ್ಳತನದಿಂದ ನೋಡುತ್ತಿದ್ದೆ.

“ಮೇಡಂ, ನೋಡಬ್ಯಾಡ್ರಿ ಅಂತ ಬರ್ದೈತೆ,” ಎಂದರು ಹೆಡ್‌ಮಾಸ್ಟರು, ಮರ ನೋಡುತ್ತ.

ನಾನೂ ಮರದ ಕಡೆ ತಿರುಗಿದೆ. ಕಿವಿ ಮಾತ್ರ ಹಿಂದೆಯೇ ಇತ್ತು. ಬಟ್ಟೆ ಉಜ್ಜುವ ಸದ್ದು, ಉಸಿರು, ಮತ್ತೆ ಉಜ್ಜುವ ಸದ್ದು. ಹನ್ನೊಂದರವರೆಗೆ ಎಣಿಸಿದೆ. ಅಲ್ಲಿ ಸದ್ದು ನಿಂತಿತು. ಬಹಳ ಹೊತ್ತು ನಿಂತಿತು. ನನ್ನ ಕೈ ತುರಿಸುತ್ತಿತ್ತು. ಓಡಿಹೋಗಿ ಎತ್ತಿಕೊಂಡರೆ ಎಂಟೇ ಮೆಟ್ಟಿಲು, ಅರ್ಧ ನಿಮಿಷದ ಕೆಲಸ. ಬದುಕಿನಲ್ಲಿ ನಾನು ಅಷ್ಟು ಕಷ್ಟಪಟ್ಟು ಸುಮ್ಮನೆ ನಿಂತದ್ದಿಲ್ಲ. ಗಂಟೆ ಹೊಡೆಯುವ ಹೊತ್ತು ಮೀರಿತು. ಹೆಡ್‌ಮಾಸ್ಟರು ವಾಚು ನೋಡಿದರು. ಆಮೇಲೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಮತ್ತೆ ಉಜ್ಜುವ ಸದ್ದು ಶುರುವಾಯಿತು. ಹನ್ನೆರಡು, ಹದಿಮೂರು. ಎಣಿಸುತ್ತಿದ್ದವಳು ನಾನೊಬ್ಬಳೇ ಅಲ್ಲವೆಂದು ಅಕ್ಕಪಕ್ಕದ ಮಕ್ಕಳ ತುಟಿ ನೋಡಿ ಗೊತ್ತಾಯಿತು. ಹತ್ತೊಂಬತ್ತು. ಆಮೇಲೆ ಪಡಸಾಲೆಯ ನೆಲದ ಮೇಲೆ ಸರಿದುಹೋಗುವ ಸದ್ದು. ಆಮೇಲೆ ಏನೂ ಇಲ್ಲ.

ಆಮೇಲೆ ಗಂಟೆ. ಮೊದಲ ಏಟು ಜೋರಾಗಿ ಬಿತ್ತು, ಮರದ ಮೇಲಿನ ಕಾಗೆ ಎದ್ದುಹೋಯಿತು. ಒಂದೇ ಸಮನೆ, ನಿಧಾನವಾಗಿ, ಹೊಡೆದದ್ದನ್ನು ಪೂರ್ತಿ ಕೇಳಿ ಮುಗಿಸಿ ಇನ್ನೊಂದು ಹೊಡೆಯುವ ಹಾಗೆ ಹೊಡೆದಳು. ಮೊದಲ ಗಂಟೆಗೆ ಎಷ್ಟು ಹೊಡೆಯಬೇಕೋ ಅದಕ್ಕಿಂತ ಜಾಸ್ತಿಯೇ ಹೊಡೆದಳು, ಯಾರೂ ಲೆಕ್ಕ ಕೇಳಲಿಲ್ಲ. ನನಗೆ ಕಣ್ಣು ತುಂಬಿ ಬಂದು ಬೇವಿನ ಮರ ಕಾಣದಾಯಿತು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು, ಪ್ರಾರ್ಥನೆಗೆ ಸಾಲು ಮಾಡಿ ಎಂದು ಮಕ್ಕಳಿಗೆ ಸುಮ್ಮಸುಮ್ಮನೆ ಗದರಿದರು.

ಸಂಜೆ ಫಾರಂ ಮುಗಿಸಲು ಅವಳ ಮನೆಗೆ ಹೋದೆ. ಒಂಬತ್ತನೆಯ ಕಾಲಮಿನಲ್ಲಿ ‘ಹಾಳೆ ಲಗತ್ತಿಸಿದೆ’ ಎಂದು ಬರೆದು ಅವಳ ಹಾಳೆಯನ್ನು ಪಿನ್ನು ಹೊಡೆದಿದ್ದೆ. ಈಗ ಎಲ್ಲ ಮಕ್ಕಳ ಫಾರಮ್ಮಿಗೂ ಹೀಗೇ ಮಾಡುತ್ತೇನೆ. ಮಾತು ಬರುವವರು ಹೇಳುತ್ತಾರೆ, ಬಾರದವರು ತೋರಿಸುತ್ತಾರೆ. ಒಂದು ಮಗು ‘ಮಿಸ್ ಕಮ್ಮಿ ಮಾತಾಡಬೇಕು’ ಎಂದು ಹೇಳಿತು, ಅದನ್ನೂ ಹಾಗೇ ಬರೆದಿದ್ದೇನೆ. ಆ ಫಾರಂ ಓದಿ ನಮ್ಮ ಯಜಮಾನರು ಮಗುವಿನ ವಿಳಾಸ ಕೇಳಿದರು.

ಆ ಸಂಜೆ ಉಳಿದದ್ದು ಹತ್ತನೆಯ ಕಾಲಂ, ಪೋಷಕರ ಅಭಿಪ್ರಾಯ. ಅಪ್ಪ, “ನಮ್ಮ ಅಮ್ಮನ್ನೇ ಕೇಳ್ರಿ,” ಎಂದರು. ಬೆಳಿಗ್ಗೆ ಅವರು ಅಮ್ಮನಿಗೆ ಏನೂ ಹೇಳಿರಲಿಲ್ಲವಂತೆ, ಮೆಟ್ಟಿಲಿನ ಮಾತು ಹೊರಬಿದ್ದೀತೆಂಬ ಹೆದರಿಕೆಯಿಂದ. ದಾದಿ ಅಕ್ಕಿ ಆರಿಸುತ್ತಿದ್ದರು. ಹುಡುಗಿ ಅವರ ಪಕ್ಕ ಲೋಡಿಗೆ ಒರಗಿ, ಏನೂ ಗೊತ್ತಿಲ್ಲದವಳ ಹಾಗೆ ಕೂತಿದ್ದಳು. ಅವಳ ಅಂಗೈ ಕೆಂಪಾಗಿತ್ತು.

“ಇವತ್ತು ಗಂಟೆ ಕೇಳಿದ್ರಾ ದಾದಿ?” ಎಂದೆ.

“ಕೇಳ್ದೆ ಬೇಟಿ. ತಡ ಆಗಿ ಹೊಡೆದ್ರು.” ಮೊರದಿಂದ ಒಂದು ಕಲ್ಲು ತೆಗೆದು ಎಸೆದರು. ಮೊಮ್ಮಗಳ ಅಂಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ನೋಡಿ, ಸೆರಗಿನಿಂದ ಒರೆಸಿದರು. “ಹೊಸಬಳು ಇರ್ಬೇಕು. ಆದ್ರೆ ಕೈ ನಡುಗಿಲ್ಲ.”

ಹತ್ತನೆಯ ಕಾಲಮಿನಲ್ಲಿ ಅದನ್ನೇ ಬರೆದುಕೊಂಡೆ, ಅವರು ಹೇಳಿದ ಹಾಗೆಯೇ.